ಮುರಕಲ್ಲಿನ ಗಟ್ಟಿತನವೊಂದನ್ನೇ ನಂಬಬಾರದು

ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರಿಗೆ ಸುರಂಗವೆಂದರೆ ಹೊಸ ಮಾತಲ್ಲ. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ದಾರಿ ತೋಡಿ, ಒಸರುವ ನೀರನ್ನು ತೋಟಕ್ಕೆ ತಂದವರು ನಮ್ಮ ಹಿರಿಯರು. ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು, ಮತ್ತೂ ಕೆಳಗೆ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ; ಗುಡ್ಡವು ಹೀಗೆ ಪದರ ಪದರವಾಗಿರುತ್ತದೆಂದು ಬಾವಿ ತೋಡಿಸಿದವರಿಗೆ ಬೇರೆ ಹೇಳಬೇಕಾಗಿಲ್ಲ. ರೈಲು, ರಸ್ತೆಗಳ ದೊಡ್ಡ ಸುರಂಗಗಳಿಗೂ ಇದೇ ಪಾಠ ಅನ್ವಯಿಸುತ್ತದೆ.

ಪದರುಗಟ್ಟಿದ ಮೆದು ಶಿಲೆಯ ಗುಣ ವಿಚಿತ್ರವಾದದ್ದು. ಪದರಗಳ ಮೇಲೆ ನೇರವಾಗಿ ಭಾರ ಬಿದ್ದರೆ ಅದು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಪದರಗಳು ಓರೆಯಾಗಿದ್ದರೆ ಅದೇ ಭಾರಕ್ಕೆ ಒಂದರ ಮೇಲೊಂದು ಜಾರುತ್ತವೆ. ಸುರಂಗದ ಮಾಡಿನಲ್ಲಿ ತೆಳು ಪದರಗಳಿದ್ದರೆ ಅವು ಹಲಗೆಯಂತೆ ಬಾಗಿ, ಬಿರಿದು, ಕಳಚಿ ಬೀಳುತ್ತವೆ. ನಡುವೆ ಜೇಡಿಯ ಪದರವಿದ್ದು ಅದಕ್ಕೆ ನೀರು ತಗಲಿತೋ, ಇದ್ದ ಹಿಡಿತವೂ ಹೋಯಿತು. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ನೆನೆದಾಗ ಗಂಜಿಯಂತೆ ಹರಿಯುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಕೊಂಕಣ ರೈಲು ಮಾರ್ಗದಲ್ಲಿ ಇದಕ್ಕೆ ಸಾಕ್ಷಿಯಿದೆ. ಗಟ್ಟಿ ಬಂಡೆಯಲ್ಲಿ ಸುಮಾರು 6.5 ಕಿಲೋಮೀಟರ್ ಉದ್ದದ ಕರಬುಡೆ ಸುರಂಗವನ್ನು ಕೊರೆದ ಎಂಜಿನಿಯರರನ್ನು, ಗೋವಾದ ಪೆಡ್ನೆಯಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನ ಸುರಂಗ ವರ್ಷಗಟ್ಟಲೆ ಸತಾಯಿಸಿತು. ಅಲ್ಲಿದ್ದದ್ದು ನೀರು ತುಂಬಿದ ಜೇಡಿ. 1998ರಲ್ಲಿ ಇಡೀ ಮಾರ್ಗ ಉದ್ಘಾಟನೆಯಾದ ಮೇಲೂ ತೊಂದರೆ ತಪ್ಪಲಿಲ್ಲ. 2020ರ ಆಗಸ್ಟಿನಲ್ಲಿ ಆ ಸುರಂಗದ ಗೋಡೆಯ ಒಂದು ಭಾಗ ಕುಸಿಯಿತು. 2024ರ ಜುಲೈನಲ್ಲಿ ಒಳಗೆ ನೀರು ಉಕ್ಕಿ ರೈಲುಗಳು ನಿಂತವು. ಹಿಮಾಲಯದ ಸಿಲ್ಕ್ಯಾರಾದಲ್ಲಂತೂ, ಹಾಳೆಗಳಂತೆ ಸೀಳುವ ದುರ್ಬಲ ಶಿಲೆಯಲ್ಲಿ ತೋಡುತ್ತಿದ್ದ ರಸ್ತೆ ಸುರಂಗ 2023ರ ನವೆಂಬರ್ 12ರಂದು ಕುಸಿದು, 41 ಕಾರ್ಮಿಕರು 17 ದಿನ ಒಳಗೇ ಸಿಕ್ಕಿಬಿದ್ದರು. ಎಲ್ಲರೂ ಬದುಕಿ ಬಂದದ್ದು ನಮ್ಮ ಪುಣ್ಯ. ಆದರೆ ಪುಣ್ಯವನ್ನು ನಂಬಿ ಯೋಜನೆ ಹಾಕಲಾಗದು.

ಶಿರಾಡಿ ಘಟ್ಟದಲ್ಲಿ ಸುರಂಗ ಮಾರ್ಗದ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಘಟ್ಟದ ಒಳಗಿನ ಬಂಡೆ ಗಟ್ಟಿಯೆಂಬುದು ಸಮಾಧಾನದ ಸಂಗತಿಯೇ. ಆದರೆ ಇಂಥ ಗುಡ್ಡಗಳಲ್ಲಿ ಅಪಾಯವಿರುವುದು ಹೆಚ್ಚಾಗಿ ಸುರಂಗದ ಬಾಯಿಯ ಬಳಿಯ ಕೊಳೆತ ಪದರಗಳಲ್ಲಿ. ಸುರಂಗವೆಂದರೆ ದೊಡ್ಡದೊಂದು ಚರಂಡಿಯೂ ಹೌದು. ಬಿರುಕುಗಳ ನೀರನ್ನು ಅದು ತನ್ನತ್ತ ಎಳೆದುಕೊಂಡರೆ ಮೇಲಿನ ತೋಟಗಳ ಒರತೆ, ಬಾವಿಗಳು ಬತ್ತಬಹುದು. ರಸ್ತೆ ಬೇಡವೆಂದು ನಾವು ಹೇಳುತ್ತಿಲ್ಲ. ಮಳೆಗಾಲದಲ್ಲಿ ಘಟ್ಟ ಮುಚ್ಚಿದಾಗ ನಮ್ಮ ಅಡಿಕೆ, ಕಾಫಿಯ ಲಾರಿಗಳೂ ಅಲ್ಲೇ ನಿಲ್ಲುತ್ತವೆ.

ನಾವು ಕೇಳಬೇಕಾದದ್ದು ಮೂರೇ ಮಾತು. ಸುರಂಗದ ಜಾಡಿನುದ್ದಕ್ಕೂ ಕೊಳವೆ ಕೊರೆದು, ಯಾವ ಪದರ ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ಮೊದಲೇ ತಿಳಿದು ಜನರ ಮುಂದಿಡಬೇಕು. ಮೆದು ಪದರ ಸಿಕ್ಕಲ್ಲಿ ಸ್ವಲ್ಪ ಸ್ವಲ್ಪವೇ ತೋಡಿ, ಕೂಡಲೇ ಆಧಾರ ಕೊಟ್ಟು, ನೀರಿಗೆ ಹೊರದಾರಿ ಮಾಡಬೇಕು. ಸುತ್ತಲಿನ ಬಾವಿ, ಒರತೆಗಳ ಮಟ್ಟವನ್ನು ಕೆಲಸಕ್ಕೆ ಮುಂಚೆ ಒಂದು ಪೂರ್ಣ ವರ್ಷವಾದರೂ ದಾಖಲಿಸಬೇಕು. ಇದಕ್ಕೆ ತಗಲುವ ಹಣ ದಂಡವಲ್ಲ. ಆ ದಾಖಲೆ ಇಲ್ಲದೆ ನಾಳೆ ಬಾವಿ ಬತ್ತಿದರೆ ಪರಿಹಾರ ಕೇಳುವ ಬೆಳೆಗಾರನ ಕೈ ಬರಿದು. ಆದ್ದರಿಂದ ನಮ್ಮ ಸಂಘಗಳು ಈ ಮಾತನ್ನು ಈಗಲೇ ಎತ್ತುವುದು ಒಳ್ಳೆಯದು.