ಕೋರ್ಟಿಗೆ ಬಣ್ಣ, ಚರಂಡಿಗೆ ನಾಮ

ಮಳೆ ಹಿಂದೆ ಸರಿಯಿತೆಂದರೆ ಸಾಕು, ಮಲೆನಾಡಿನ ಕ್ಲಬ್ಬುಗಳಲ್ಲಿ ಕೋರ್ಟಿನ ಮಾತು ಶುರುವಾಗುತ್ತದೆ. ವಕೀಲರ ಕೋರ್ಟಲ್ಲ, ಟೆನಿಸ್ ಕೋರ್ಟು. (ಎರಡಕ್ಕೂ ಒಂದು ಸಾಮ್ಯ ಉಂಟು, ಎರಡು ಕಡೆಯೂ ವಾಯಿದೆಗೆ ಬರವಿಲ್ಲ.) ಜೂನ್ ತಿಂಗಳಲ್ಲಿ ಬಿಚ್ಚಿ ಉಗ್ರಾಣಕ್ಕೆ ಎಸೆದ ನೆಟ್ಟನ್ನು ದೀಪಾವಳಿ ಹೊತ್ತಿಗೆ ತೆಗೆದು ಕೊಡವಿದರೆ ಇಲಿ ತಿಂದ ತೂತು. ಕೋರ್ಟಿನ ಮೇಲೆ ಹುಲ್ಲು, ಮೂಲೆಯಲ್ಲಿ ಪಾಚಿ, ಮಧ್ಯೆ ನೀರು ನಿಂತು ಕೊರೆದ ಗುಂಡಿ. ಕಮಿಟಿ ಸೇರುತ್ತದೆ. ಕಾಫಿ ಬರುತ್ತದೆ, ಬೋಂಡ ಬರುತ್ತದೆ. ಬೆಂಗಳೂರಿನ ಯಾವುದೋ ಕಂಪನಿಯ ಬಣ್ಣದ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ನೀಲಿ ಚೆನ್ನವೋ ಹಸಿರು ಚೆನ್ನವೋ, ಹೊರ ಅಂಚಿಗೆ ಕೆಂಪು ಕೊಟ್ಟರೆ ಹೇಗೆ ಅಂತ ಒಂದೂವರೆ ತಾಸು ಚರ್ಚೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ಮಾತಿಗೆ ಐದು ನಿಮಿಷವೂ ಇಲ್ಲ.

ಇದು ಒಂದು ಕ್ಲಬ್ಬಿನ ಕಥೆಯಲ್ಲ, ಆದ್ದರಿಂದ ಹೆಸರಿಗೆ ಕೈ ಹಾಕುವುದು ಬೇಡ. ಖಾಸಗಿ ಕ್ಲಬ್ಬಿನ ಕೋರ್ಟು ಏನಾದರೆ ಊರಿಗೇನು, ದುಡ್ಡು ಅವರದು, ಬೆವರು ಅವರದು ಎಂದು ಓದುಗರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಘಟ್ಟದ ಮೇಲಿನ ಊರುಗಳಲ್ಲಿ ಟೆನಿಸ್ ಎಂಬುದು ಬಿಳಿ ಪ್ಲಾಂಟರುಗಳ ಜತೆ ಬಂದು ಅವರ ಕ್ಲಬ್ಬಿನಲ್ಲೇ ಉಳಿದುಬಿಟ್ಟ ಆಟ. ಸಕಲೇಶಪುರದ ಮಂಜರಾಬಾದ್ ಕ್ಲಬ್ಬು, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬು ಆ ಕಾಲದವು. ಶಾಲೆಗಳಲ್ಲಿ ಕಬಡ್ಡಿ, ಖೋಖೋ, ವಾಲಿಬಾಲು ಉಂಟು. ಟೆನಿಸ್ ಕೋರ್ಟು ಇರುವ ಸರ್ಕಾರಿ ಶಾಲೆ ದುರ್ಬೀನು ಹಾಕಿ ಹುಡುಕಬೇಕು. ಹಾಗಾಗಿ ಕ್ಲಬ್ಬಿನ ಕೋರ್ಟು ಹಾಳುಬಿದ್ದರೆ ಎಷ್ಟೋ ಊರುಗಳಲ್ಲಿ ಆ ಆಟವೇ ಇಲ್ಲವಾಗುತ್ತದೆ. ಕೆಲವು ಕ್ಲಬ್ಬುಗಳು ಕೂತಿರುವ ನೆಲವೂ ಸರ್ಕಾರದಿಂದ ಗುತ್ತಿಗೆಗೆ ಬಂದದ್ದು, ಅದು ಬೇರೆ ಮಾತು, ಇನ್ನೊಂದು ದಿನಕ್ಕಿರಲಿ.

ಕುತೂಹಲದ ಸಂಗತಿ ಎಂದರೆ ಈ ಕಮಿಟಿಗಳಲ್ಲಿ ಕೂತವರು ಬಹುಪಾಲು ಕಾಫಿ ಬೆಳೆಗಾರರು, ಇಲ್ಲವೇ ಅಡಿಕೆ ತೋಟದ ಯಜಮಾನರು. ನೆಲ ನೀರಿನ ಸ್ವಭಾವ ಗೊತ್ತಿಲ್ಲದ ಜನ ಅಲ್ಲ. ತೋಟದಲ್ಲಿ ಕಾಫಿ ಕಣ ಹಾಕಿಸುವಾಗ ಇದೇ ಯಜಮಾನರು ಮೇಸ್ತ್ರಿಯ ನೆತ್ತಿಯ ಮೇಲೆ ಕೂತಿರುತ್ತಾರೆ. ದಾರ ಹಿಡಿಸಿ ವಾಟ ನೋಡುತ್ತಾರೆ. ಒಂದು ಕೊಡ ನೀರು ಸುರಿಸಿ ಅದು ಯಾವ ಕಡೆ ಓಡಿತು, ಎಲ್ಲಿ ನಿಂತಿತು ನೋಡುತ್ತಾರೆ. ದಮ್ಮಸ್ಸು ಮಾಡದ ಮಣ್ಣಿನ ಮೇಲೆ ಸಿಮೆಂಟು ಹಾಕಲು ಬಂದರೆ ಮೇಸ್ತ್ರಿಗೆ ಸಹಸ್ರನಾಮ. ಇನ್ನು ಬಸಿಗಾಲುವೆ ತೆಗೆಯದೆ ಅಡಿಕೆ ಗಿಡ ನೆಡುವ ಮೂಢ ಮಲೆನಾಡಿನಲ್ಲಿ ಹುಟ್ಟಿಯೇ ಇಲ್ಲ. ಅದೇ ಕೈಗಳು ಕ್ಲಬ್ಬಿಗೆ ಬಂದೊಡನೆ ಬಣ್ಣದ ಪುಸ್ತಕ ತಿರುವುತ್ತವೆ. ತೋಟದ ಬುದ್ಧಿಯನ್ನು ಗೇಟಿನ ಹೊರಗೆ ಜೀಪಿನಲ್ಲೇ ಬಿಟ್ಟು ಬರುತ್ತಾರೋ ಏನೋ!

ಲೆಕ್ಕ ಕಷ್ಟದ್ದಲ್ಲ. ಗೆರೆಯೊಳಗಿನ ಕೋರ್ಟು 78 ಅಡಿ ಉದ್ದ, ಡಬಲ್ಸ್ ಆಟಕ್ಕೆ 36 ಅಡಿ ಅಗಲ. ಹಿಂದೆ ಮುಂದೆ, ಅಕ್ಕಪಕ್ಕ ಓಡಾಡುವ ಜಾಗ ಸೇರಿದರೆ 120 ಅಡಿಗೆ 60 ಅಡಿ. ಅಂದರೆ 7,200 ಚದರ ಅಡಿ. ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆ. ಇದರ ಮೇಲೆ ಒಂದೇ ಒಂದು ಅಂಗುಲ ಮಳೆ ಬಿದ್ದರೂ ಸುಮಾರು 17,000 ಲೀಟರ್ ನೀರು. ಸಕಲೇಶಪುರದ ಕಡೆ ವರ್ಷಕ್ಕೆ 80 ಅಂಗುಲದ ಆಸುಪಾಸು, ಮಡಿಕೇರಿಯಲ್ಲಿ 120 ಅಂಗುಲಕ್ಕೂ ಮಿಕ್ಕಿ ಬೀಳುತ್ತದೆ. ಗುಣಿಸಿ ನೋಡಿದರೆ ಒಂದೊಂದು ಕೋರ್ಟಿನ ಮೇಲೂ ವರ್ಷಕ್ಕೆ 13 ಲಕ್ಷದಿಂದ 20 ಲಕ್ಷ ಲೀಟರ್. ಇದು ಆಕಾಶದಿಂದ ಬಿದ್ದದ್ದು ಮಾತ್ರ. ಮಲೆನಾಡಿನಲ್ಲಿ ಸಮತಟ್ಟು ಜಾಗ ಎಲ್ಲಿದೆ? ಗುಡ್ಡದ ಪಕ್ಕೆ ಕಡಿದು, ಕಡಿದ ಮಣ್ಣನ್ನು ಕೆಳಗಿನ ಕಡೆ ತುಂಬಿಸಿ ಮಾಡಿದ ಕೋರ್ಟುಗಳೇ ಹೆಚ್ಚು. ಮೇಲಿನ ಧರೆಯ ಒರತೆ ನೆಲದೊಳಗೇ ಇಳಿದು ಕೋರ್ಟಿನ ಅಡಿಗೆ ಬಂದು ಸೇರುತ್ತದೆ. ಕಡಿದ ಕಡೆ ನೆಲ ಗಟ್ಟಿ. ತುಂಬಿದ ಕಡೆ ವರ್ಷ ವರ್ಷ ಒಂದಿಷ್ಟು ಕೂರುತ್ತದೆ. ಎರಡರ ನಡುವೆ ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ಮತ್ತೆ ಬಣ್ಣ.

ಮೊದಲು ಆಗಬೇಕಾದ ಕೆಲಸ ಧರೆಯ ಬುಡದಲ್ಲಿ. ಕೋರ್ಟಿನ ತಳಕ್ಕಿಂತ ಆಳವಾಗಿ ಕಾಲುವೆ ತೆಗೆದು, ತೂತು ಕೊಳವೆ ಇಟ್ಟು, ಜಲ್ಲಿ ತುಂಬಿ, ನೀರನ್ನು ಕೋರ್ಟಿಗೆ ಮುಟ್ಟಿಸದೆ ಸುತ್ತು ಹಾಕಿಸಿ ಆಚೆ ದಾಟಿಸಬೇಕು. ಆಮೇಲೆ ವಾಟ. ಗಟ್ಟಿ ಕೋರ್ಟಿಗೆ ನೂರು ಅಡಿಗೆ ಒಂದು ಅಡಿ ಇಳಿಜಾರು ಎಂಬುದು ಬಲ್ಲವರು ಒಪ್ಪಿದ ಲೆಕ್ಕ. 60 ಅಡಿ ಅಗಲಕ್ಕೆ ಏಳು ಅಂಗುಲ ಚಿಲ್ಲರೆ. ಅದೂ ಒಂದೇ ಹಾಸಿನಲ್ಲಿ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ. ನೆಟ್ಟಿನ ಕೆಳಗೆ ದಿಬ್ಬ ಎಬ್ಬಿಸಿ ಎರಡು ಕಡೆಗೂ ಇಳಿಸುವ ಮನೆ ಮಾಡಿನ ಬುದ್ಧಿ ಇಲ್ಲಿ ನಡೆಯದು. ಡಾಂಬರಾದರೆ ಎರಡರಿಂದ ನಾಲ್ಕು ವಾರ, ಕಾಂಕ್ರೀಟಾದರೆ ನಾಲ್ಕು ವಾರ ಹದವಾಗಲು ಬಿಡಬೇಕು. ನೀರು ಹರಿಸಿ, ನಿಂತ ಕಡೆ ಗುರುತು ಹಾಕಿ, ತಗ್ಗು ತುಂಬಿಸಬೇಕು. ಬಣ್ಣದ ಡಬ್ಬಿ ತೆರೆಯುವುದು ಇಷ್ಟೆಲ್ಲ ಆದ ಮೇಲೆ. ಆ ಅಕ್ರಿಲಿಕ್ ಬಣ್ಣವಾದರೂ ಎಷ್ಟು? ಪದರಗಳೆಲ್ಲ ಸೇರಿ ಒಂದೆರಡು ಮಿಲಿಮೀಟರ್. ತಳದಿಂದ ತೇವ ಎದ್ದರೆ ಬಾಣಲೆಯ ಹಪ್ಪಳದ ಹಾಗೆ ಉಬ್ಬಿ ಸುಲಿದುಕೊಂಡು ಬರುತ್ತದೆ. ಚೆನ್ನಾಗಿ ಮಾಡಿದ್ದಕ್ಕೂ ನಾಲ್ಕರಿಂದ ಎಂಟು ವರ್ಷಕ್ಕೊಮ್ಮೆ ಮರುಬಣ್ಣ ಬೇಕು. ನೀರಿಗೆ ದಾರಿ ಮಾಡದೆ ಹಚ್ಚಿದ್ದು ಎರಡು ಮಳೆಗಾಲ ತಾಳಿದರೆ ಪುಣ್ಯ. ಕಂಟ್ರಾಕ್ಟರು ಆಗ ಫೋನು ಎತ್ತುವುದಿಲ್ಲ, ಅದೊಂದು ಗ್ಯಾರಂಟಿ.

ಇನ್ನು ಮಣ್ಣೋ ಸಿಂಥೆಟಿಕ್ಕೋ ಎಂಬ ಜಗಳ. ಹಳಬರು ಮಣ್ಣಿನ ಪರ, ಹುಡುಗರು ನೀಲಿಯ ಪರ, ಇಸ್ಪೀಟು ಮೇಜಿನವರು ಯಾವುದಕ್ಕೂ ದುಡ್ಡು ಬೇಡ ಎಂಬುವರ ಪರ. ಮಣ್ಣಿನ ಕೋರ್ಟು ಹಳ್ಳಿಗಾಡಿನದು ಎಂಬ ಕೀಳರಿಮೆ ಮಾತ್ರ ಬೇಡ. ಪ್ಯಾರಿಸ್ಸಿನ ಫ್ರೆಂಚ್ ಓಪನ್ ಇವತ್ತಿಗೂ ನಡೆಯುವುದು ಇಟ್ಟಿಗೆ ಪುಡಿ ಹಾಸಿದ ನೆಲದ ಮೇಲೆ. ನಮ್ಮ ಗಾರೆಯವರ ಬಾಯಲ್ಲಿ ಅದು ಸುರಕಿ. ಅಮೆರಿಕದವರು 1978ರಲ್ಲಿ, ಆಸ್ಟ್ರೇಲಿಯದವರು 1988ರಲ್ಲಿ ತಮ್ಮ ದೊಡ್ಡ ಪಂದ್ಯಗಳನ್ನು ಗಟ್ಟಿ ನೆಲಕ್ಕೆ ಒಯ್ದರು, ಪ್ಯಾರಿಸ್ಸಿನವರು ಅಲ್ಲಾಡಲಿಲ್ಲ. ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಮಿಶ್ರ ಡಬಲ್ಸ್ ಗೆದ್ದದ್ದು ಆ ಪ್ಯಾರಿಸ್ಸಿನ ಮಣ್ಣಿನಲ್ಲೇ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಪುರುಷರ ಡಬಲ್ಸ್ ಗೆದ್ದದ್ದು ಮೆಲ್ಬೋರ್ನಿನ ನೀಲಿ ಗಟ್ಟಿ ನೆಲದಲ್ಲಿ. ಕಲಿಯುವವನಿಗೆ ಎರಡೂ ಬೇಕು. ಮಣ್ಣಿನಲ್ಲಿ ಚೆಂಡು ನಿಧಾನವಾಗಿ ಎತ್ತರಕ್ಕೆ ಏಳುತ್ತದೆ, ಮಕ್ಕಳಿಗೆ ಓಡಿ ಹೋಗಿ ಹೊಡೆಯುವಷ್ಟು ಪುರುಸೊತ್ತು ಸಿಕ್ಕುತ್ತದೆ, ವಯಸ್ಸಾದವರ ಮಂಡಿ ಉಳಿಯುತ್ತದೆ. ಆದರೆ ನಾಲ್ಕು ತಿಂಗಳು ಬಾಗಿಲು ಬಂದ್. ಗಟ್ಟಿ ಕೋರ್ಟಿನಲ್ಲಿ ಮಳೆ ನಿಂತು ನೀರು ಎಳೆದು ಹಾಕಿದರೆ ತಾಸಿನೊಳಗೆ ಆಟ. ಒಂದೇ ಕೋರ್ಟಿದ್ದರೆ ಇಷ್ಟು ಮಳೆಯ ಸೀಮೆಯಲ್ಲಿ ಗಟ್ಟಿ ನೆಲವೇ ಸರಿ ಎಂಬುದನ್ನು ಹಳಬರು ಒಪ್ಪಬೇಕಾದ್ದೇ. ಎರಡಿದ್ದರೆ ಒಂದನ್ನು ಮಣ್ಣಾಗಿಯೇ ಬಿಡುವುದು ವಿವೇಕ. ಎರಡಕ್ಕೂ ಬಣ್ಣ ಬಳಿಯುವ ದುಡ್ಡಿನಲ್ಲಿ ಒಂದಕ್ಕೆ ಬಣ್ಣ, ಎರಡಕ್ಕೂ ಚರಂಡಿ ಆದೀತು.

ಈಚೆಗೆ ಪಿಕಲ್‌ಬಾಲ್ ಎಂಬ ಇನ್ನೊಂದು ಆಟ ಬಂದು ಸೇರಿದೆ. ಹೆಸರಿನಲ್ಲಿ ಉಪ್ಪಿನಕಾಯಿ ಇದ್ದರೂ ಆಟ ಕೆಟ್ಟದ್ದಲ್ಲ. ಅದರ ಅಂಗಳ 44 ಅಡಿಗೆ 20 ಅಡಿ ಮಾತ್ರ. ಒಂದು ಟೆನಿಸ್ ಕೋರ್ಟಿನ ಆವರಣದಲ್ಲಿ ನಾಲ್ಕು ಹಿಡಿಸುತ್ತವೆ. ಬೇರೆ ಬಣ್ಣದ ಗೆರೆ ಎಳೆದು, ಎತ್ತಿಡುವ ನೆಟ್ಟು ತಂದು ಆಡಿಕೊಂಡರೆ ಯಾರ ಆಕ್ಷೇಪವೂ ಇರದು. ಟೆನಿಸ್ಸಿನ ಕಂಬ ಕಿತ್ತು ಕಾಂಕ್ರೀಟು ತುಂಬುವುದು ಮಾತ್ರ ಬೇಡ.

ಇಷ್ಟರ ನಡುವೆ ಬಣ್ಣದ ಪುಸ್ತಕದಲ್ಲಿ ಇಲ್ಲದ ಒಬ್ಬ ಮನುಷ್ಯನಿದ್ದಾನೆ: ಮಾರ್ಕರ್. ನಸುಕಿಗೇ ಬಂದು ನೀರು ಚಿಮುಕಿಸಿ, ರೋಲರ್ ಎಳೆದು, ಗೋಣಿ ಎಳೆದು ನೆಲ ನಯ ಮಾಡಿ, ಸುಣ್ಣದ ಗೆರೆ ಹಾಕಿ, ನೆಟ್ಟು ಬಿಗಿಯುವವನು. ನೆಟ್ಟಿನ ನಡು ಮೂರು ಅಡಿ ಇರಬೇಕೆಂದು ಅವನಿಗೆ ಅಳತೆಕೋಲು ಬೇಡ, ಕೈ ಇಟ್ಟರೆ ಗೊತ್ತು. ಜತೆಗಾರ ಬಾರದ ದಿನ ಸಾಹೇಬರ ಎದುರು ನಿಂತು ಆಡುವವನೂ ಅವನೇ; ಸಾಹೇಬರು ಸೋಲದ ಹಾಗೆ ಆಡುವ ವಿದ್ಯೆಯೂ ಅವನಿಗೆ ಬರುತ್ತದೆ. ಮೆಂಬರುಗಳ ಮಕ್ಕಳಿಗೆ ಬ್ಯಾಟು ಹಿಡಿಯಲು ಕಲಿಸಿದವನು ಅವನು, ಆದರೆ ಕೋಚು ಎಂಬ ಹೆಸರು ಬೆಂಗಳೂರಿನಿಂದ ಬಂದವರಿಗೆ.

ಸಿಂಥೆಟಿಕ್ ಕಂಪನಿಯವರು "ನಿರ್ವಹಣೆಯ ತಾಪತ್ರಯವೇ ಇಲ್ಲ" ಎಂದಾಗ ಖಜಾಂಚಿಯ ಕಿವಿಗೆ ಬೀಳುವುದು "ಒಂದು ಸಂಬಳ ಉಳಿಯಿತು" ಎಂಬ ಮಾತು. ಶುದ್ಧ ತಪ್ಪು ಲೆಕ್ಕ. ಸುತ್ತ ಸಿಲ್ವರ್ ಓಕ್ ಮರಗಳಿರುವ ಕಡೆ ಎಲೆ ದಿನಾ ಗುಡಿಸದಿದ್ದರೆ ಕೊಳೆತು ಕಲೆ ಬೀಳುತ್ತದೆ. ಮಳೆಗಾಲದಲ್ಲಿ ಪಾಚಿ ಉಜ್ಜಿ ತೆಗೆಯದಿದ್ದರೆ ಮೊದಲ ದಿನವೇ ಯಾರದಾದರೂ ಸೊಂಟ. ಬಿರುಕು ಕೂದಲಿನಷ್ಟಿದ್ದಾಗ ಕಂಡು ಹೇಳುವವನು ಬೇಕು, ಬೆರಳು ಹೋಗುವಷ್ಟಾದಾಗ ಎಲ್ಲರಿಗೂ ಕಾಣುತ್ತದೆ. ಸಂಬಳ ಉಳಿಸಿ ಲಕ್ಷಗಳ ಬಣ್ಣ ಕಳೆದುಕೊಳ್ಳುವುದು ಯಾವ ತೋಟದ ಲೆಕ್ಕ? ಮಳೆಯಲ್ಲಿ ನೀರು ಯಾವ ಮೂಲೆಯಲ್ಲಿ ಎಷ್ಟು ದಿನ ನಿಲ್ಲುತ್ತದೆಂದು ಬೆರಳು ಮಾಡಿ ತೋರಿಸಬಲ್ಲವನೂ ಅವನೇ. ಕಮಿಟಿ ಬಣ್ಣ ಆರಿಸುವಾಗ ಅವನು ಬಾಗಿಲಾಚೆ ಲೋಟ ಎತ್ತಲು ಕಾದು ನಿಂತಿರುತ್ತಾನೆ.

ಮೂವತ್ತು ವರ್ಷ ರೋಲರ್ ಎಳೆದವನು ಮನೆಗೆ ಹೋಗುವಾಗ ಏನು ಒಯ್ಯುತ್ತಾನೆ ಎಂಬುದೂ ಈ ಬಜೆಟ್ಟಿನಲ್ಲೇ ಬರಬೇಕಾದ ಮಾತು. 20 ನೌಕರರಿಗಿಂತ ಕಮ್ಮಿ ಇರುವಲ್ಲಿ ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ ಬಲವಂತ ಮಾಡುವುದಿಲ್ಲ. ಸ್ವಇಚ್ಛೆಯಿಂದ ಸೇರಲು ಅಡ್ಡಿಯೂ ಇಲ್ಲ. ಗ್ರಾಚ್ಯುಯಿಟಿಗೆ 10 ಮಂದಿ ಸಾಕು. ಅಡಿಗೆಯವರು, ಬೇರರ್‌ಗಳು, ಮಾಲಿ, ವಾಚ್‌ಮನ್ನು, ಮಾರ್ಕರ್ ಎಲ್ಲರನ್ನೂ ಎಣಿಸಿದರೆ ಎಷ್ಟೋ ಕ್ಲಬ್ಬುಗಳು ಅದರೊಳಗೆ ಬರುತ್ತವೆ. ಎಣಿಸುವ ಕೆಲಸ ಸೆಕ್ರೆಟರಿಯವರದು.

ಕೊನೆಗೆ ಬೇಲಿಯಾಚೆಯ ಮಕ್ಕಳು. ಬೆಳಿಗ್ಗೆ ಎಂಟೂವರೆಗೆ ಮೆಂಬರುಗಳ ಆಟ ಮುಗಿದರೆ ಮತ್ತೆ ಸಂಜೆ ಐದಕ್ಕೇ. ನಡುವೆ ಆರೂವರೆ ಗುಂಟೆ ನೆಲ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತದೆ. ತಂತಿಬೇಲಿ ಹಿಡಿದು ನೋಡುವ ಹುಡುಗರನ್ನು ಓಡಿಸುವುದೇ ವಾಚ್‌ಮನ್ನಿನ ಕೆಲಸ. ಸ್ಪೇನಿನ ಮಾನುಯೆಲ್ ಸಾಂತಾನ ಮ್ಯಾಡ್ರಿಡ್‌ನ ಒಂದು ಕ್ಲಬ್ಬಿನಲ್ಲಿ ಚೆಂಡು ಹೆಕ್ಕಿ ಕೊಡುತ್ತಿದ್ದ ಬಡವರ ಹುಡುಗ. ಆ ಕ್ಲಬ್ಬಿನವರು ಓಡಿಸಲಿಲ್ಲ. 1966ರಲ್ಲಿ ಅವನು ವಿಂಬಲ್ಡನ್ ಗೆದ್ದ. ಮಲೆನಾಡಿನ ಬೇಲಿಗಳ ಆಚೆ ಅಂಥವನು ನಿಂತಿದ್ದಾನೋ ಇಲ್ಲವೋ, ಒಳಗೆ ಬಿಟ್ಟುಕೊಂಡರಲ್ಲವೆ ತಿಳಿಯುವುದು?

ಮೆಂಬರುಗಳ ಹಕ್ಕಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಸರ್ಕಾರಿ ಶಾಲೆಯ ಮಕ್ಕಳು ಬರಲಿ, ಬೇಸಿಗೆ ರಜೆಯಲ್ಲಿ ದಿನವೂ ಬರಲಿ. ಮೆಂಬರುಗಳು ಬಿಸಾಡಿದ ಬ್ಯಾಟು, ರೋಮ ಉದುರಿದ ಚೆಂಡು ಸಾಕು. ಕಲಿಸುವವನು ಮಾರ್ಕರ್, ಅದಕ್ಕೆ ಬೇರೆ ಭತ್ಯ. ಶಾಲೆಯ ಪಿ.ಟಿ. ಮೇಷ್ಟ್ರು ಮೇಲ್ವಿಚಾರಣೆಗೆ ಇರಲಿ. ಮಣ್ಣಿನ ಕೋರ್ಟಿಗಂತೂ ಕಾಲು ಬಿದ್ದಷ್ಟೂ ಒಳ್ಳೆಯದು. ಆಡದೆ ಬಿಟ್ಟರೆ ಹುಲ್ಲು ಹತ್ತುತ್ತದೆ.

ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರು. ಕೋರ್ಟು ಅಷ್ಟರೊಳಗೆ ಸಿದ್ಧವಾಗಬೇಕಾದರೆ ಬಸಿಗಾಲುವೆಯ ಗುದ್ದಲಿ ಈಗಲೇ ನೆಲಕ್ಕೆ ಬೀಳಬೇಕು. ಕಾಫಿ ಕುಯ್ಲು ಜೋರಾದ ಮೇಲೆ ಆಳು ಸಿಕ್ಕುವುದಿಲ್ಲ ಎಂಬುದನ್ನು ಕಮಿಟಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.