ಹೊಳೆ ದಾಟಿದ ಮೇಲೂ ಅಂಬಿಗ ಬೇಕು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯ ಬರೆಹ)

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕೃತಘ್ನರನ್ನು ಹಂಗಿಸುವುದಕ್ಕಾಗಿ ಹುಟ್ಟಿದ ಈ ಮಾತು ಇಂದು ನಮ್ಮೆಲ್ಲರ ನಡತೆಯ ಸೂತ್ರವೇ ಆಗಿಬಿಟ್ಟಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಹೊಳೆಯ ಮೇಲೆ ರಸ್ತೆ, ರಸ್ತೆಗೆ ಅಡ್ಡಲಾಗಿ ರೈಲು, ರೈಲಿನ ಕೆಳಗೆ ಮತ್ತೆ ಹೊಳೆ, ಹೀಗೆ ದಾರಿಗಳು ಒಂದನ್ನೊಂದು ಕೂಡುವ ಸ್ಥಳಗಳನ್ನು ನಾವು ದಿನವೂ ದಾಟುತ್ತೇವೆ, ದಾಟಿದೊಡನೆ ಮರೆಯುತ್ತೇವೆ. ಅವುಗಳ ಛಾಯಾಚಿತ್ರಗಳನ್ನು ತೆಗೆದಿಡುವುದು ವಿದ್ಯಾವಂತರಾದ ನಮ್ಮ ಕರ್ತವ್ಯಗಳಲ್ಲಿ ಒಂದೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ಕೆಲವು ಮಿತ್ರರು ನಕ್ಕಾರು. ನಗಲಿ, ಆದರೆ ಕೊನೆಯವರೆಗೆ ಓದಿ ನಗಲಿ.

ಚಿತ್ರ ತೆಗೆಯುವವರಿಗೆ ಈಗ ಕೊರತೆ ಎಲ್ಲಿದೆ, ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ ಎಂದು ಕೇಳಬಹುದು. ನಿಜ. ಆದರೆ ನಾವು ತೆಗೆಯುವ ಚಿತ್ರ ಎಂಥದು? ಸೇತುವೆಗೆ ಬೆನ್ನು ಮಾಡಿ ನಿಂತು ನಮ್ಮ ಮುಖವನ್ನೇ ತೆಗೆದುಕೊಳ್ಳುವ ಚಿತ್ರ. ಕ್ಯಾಸಲ್‌ರಾಕ್ ಬಳಿ ಪಶ್ಚಿಮಘಟ್ಟವನ್ನು ಇಳಿಯುವ ರೈಲುದಾರಿ ದೂಧಸಾಗರ ಜಲಪಾತದ ಎದುರಿಗೇ ಸೇತುವೆಯ ಮೇಲೆ ಹಾದುಹೋಗುತ್ತದೆ. ಆ ದೃಶ್ಯಕ್ಕಾಗಿ ಹಳಿಗಳ ಮೇಲೆ ನಡೆದುಹೋಗುವವರು ಎಷ್ಟಾದರೆಂದರೆ, 2023ರ ಜುಲೈಯಲ್ಲಿ ರೈಲ್ವೆಯವರು ಬಹಿರಂಗವಾಗಿ ಎಚ್ಚರಿಕೆ ಕೊಡಬೇಕಾಯಿತು. 1989ರ ರೈಲ್ವೆ ಕಾಯಿದೆಯಂತೆ ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದೇ ಅಪರಾಧ. 2025ರ ಜೂನ್ 15ರಂದು ಪುಣೆಯ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ, ಮೇಲೆ ಕಿಕ್ಕಿರಿದು ನಿಂತಿದ್ದ ಪ್ರವಾಸಿಗರ ಸಮೇತ ಕುಸಿಯಿತು, ನಾಲ್ವರು ಸತ್ತರು. ಸೇತುವೆ ಹಳೆಯದು, ಅಪಾಯಕರ ಎಂಬ ಸಂಗತಿ ಅಲ್ಲಿ ಗುಟ್ಟಾಗಿರಲಿಲ್ಲ. ನೋಡಲೆಂದು ಹೋದವರು ಅದನ್ನೊಂದನ್ನು ನೋಡಲಿಲ್ಲ.

ಇದರಿಂದ ಚಿತ್ರ ತೆಗೆಯುವುದೇ ತಪ್ಪೆಂದು ಕೆಲವರು ತೀರ್ಮಾನಿಸುತ್ತಾರೆ. ನಾನು ಒಪ್ಪಲಾರೆ. ಬೆನ್ನು ಮಾಡುವುದನ್ನು ಬಿಟ್ಟು ಮುಖ ಮಾಡಿ ನಿಲ್ಲಬೇಕು, ಅಷ್ಟೆ. ಸೇತುವೆಯ ಕಂಬ ಹೇಗಿದೆ, ನೀರು ಎಲ್ಲಿಯವರೆಗೆ ಬಂದಿದೆ, ಯಾರು ದಾಟುತ್ತಿದ್ದಾರೆ, ತಲೆಯ ಮೇಲೆ ಏನು ಹೊತ್ತಿದ್ದಾರೆ ಎಂಬುದು ಚಿತ್ರದಲ್ಲಿ ಮೂಡಿದರೆ ಅದು ಸಾಕ್ಷಿಯಾಗುತ್ತದೆ.

ಸಾಕ್ಷಿಯೆಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸಿಲ್ಲ. ಸ್ಕಾಟ್ಲೆಂಡಿನ ಡಂಡೀ ನಗರದ ಬಳಿ ಟೇ ನದಿಯ ಮೇಲಿದ್ದ ರೈಲುಸೇತುವೆಯ ನಡುಭಾಗ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ, ಓಡುತ್ತಿದ್ದ ರೈಲನ್ನು ಹೊತ್ತುಕೊಂಡೇ ನದಿಗೆ ಬಿತ್ತು. ಅದರಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣಾ ನ್ಯಾಯಮಂಡಳಿಗಾಗಿ ಅದೇ ಊರಿನ ವ್ಯಾಲೆಂಟೈನ್ ಎಂಬ ಛಾಯಾಚಿತ್ರ ಸಂಸ್ಥೆಯವರು ಮುರಿದ ಕಂಬಗಳನ್ನೂ ಚದುರಿದ ಕಬ್ಬಿಣವನ್ನೂ ಒಂದೊಂದಾಗಿ ಚಿತ್ರಿಸಿದರು. ನೂರು ವರ್ಷಕ್ಕೂ ಮೇಲೆ ಎಂಜಿನಿಯರುಗಳು ಅದೇ ಚಿತ್ರಗಳನ್ನು ಹಿಗ್ಗಿಸಿ ನೋಡಿ, ಎರಕದ ಕಬ್ಬಿಣದ ಯಾವ ಕಿವಿ ಎಲ್ಲಿ ಮುರಿದಿತ್ತೆಂದು ಮತ್ತೆ ವಿಚಾರ ಮಾಡಿದರು. ಸೇತುವೆಯನ್ನು ಕಟ್ಟಿದವರೂ ಇಲ್ಲ, ತೀರ್ಪು ಹೇಳಿದವರೂ ಇಲ್ಲ. ಚಿತ್ರ ಮಾತ್ರ ಇನ್ನೂ ಸಾಕ್ಷಿ ಹೇಳುತ್ತಿದೆ.

ನಮ್ಮಲ್ಲಾದರೋ, ಬಿದ್ದ ಮೇಲೆ ಮಾತ್ರ ಚಿತ್ರ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಬೆಳಗಾಗುವುದರೊಳಗೆ ಆ ಚಿತ್ರ ನಾಡಿಗೆಲ್ಲ ಹಬ್ಬಿತು. ಆದರೆ ಅದಕ್ಕೆ ಹಿಂದಿನ ದಿನದ, ಹಿಂದಿನ ವರ್ಷದ ಚಿತ್ರಗಳು ಎಷ್ಟು ಮಂದಿಯ ಬಳಿ ಇದ್ದವು?

ಇನ್ನು ನಮ್ಮ ಸೀಮೆಗೆ ಬರೋಣ. ನಾನು ಶರಾವತಿಯ ಹಿನ್ನೀರಿನ ಆಚೆಯವರ ಪೈಕಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲ. ಅದಕ್ಕೆ ಬಡತನ ಒಂದು ಕಾರಣವಾದರೆ ನೀರು ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಬಂದಿತು. ಅದೇ ನೀರಿನಲ್ಲಿ ಊರುಗಳು ಮುಳುಗಿ, ಉಳಿದವು ದ್ವೀಪದಂತಾದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಡುವೆ 61 ವರ್ಷ! ಅಷ್ಟು ಕಾಲದಲ್ಲಿ ಹುಟ್ಟಿದ ಮಗು ಅಜ್ಜನಾಗಬಹುದು.

ನಾನು ಬಿ.ಎ. ಓದಿದ ಮೊದಲೆರಡು ವರ್ಷಗಳಲ್ಲಿ ಹಾಸ್ಟೆಲಿನಿಂದ ಊರಿಗೆ ಹೋಗುವುದೆಂದರೆ ಲಾಂಚಿನಲ್ಲೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮನೆ ಕಣ್ಣಿಗೆ ಕಂಡರೂ ಕಾಲಿಗೆ ಸಿಗದು. ಬಸ್ಸು, ಜೀಪು, ಮದುವೆಯ ದಿಬ್ಬಣ, ಹಸುಗೂಸು, ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರೂ ಒಂದೇ ಹಲಗೆಯ ಮೇಲೆ. ಬೇಸಿಗೆಯಲ್ಲಿ ನೀರು ತಳ ಕಂಡು ವಾಹನ ಹತ್ತಿಸುವುದನ್ನು ನಿಲ್ಲಿಸಿದ ವರ್ಷಗಳೂ ಉಂಟು. ಮೂರನೆಯ ವರ್ಷಕ್ಕೆ ಸೇತುವೆ ಬಂತು. ಅಮ್ಮ ಅದರ ಮೇಲೆ ಮೊದಲ ಸಲ ಬಸ್ಸಿನಲ್ಲಿ ಬಂದಾಗ, “ಇಷ್ಟೇನಾ!” ಎಂದಳು. ಅವಳ ಆಯುಷ್ಯದ ಎಷ್ಟೋ ಗಂಟೆಗಳನ್ನು ನುಂಗಿದ ನೀರು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗಿತ್ತು.

ಸೇತುವೆ ಬಂದುದಕ್ಕೆ ನನಗಿಂತ ಹೆಚ್ಚು ಸಂತೋಷಪಟ್ಟವರು ಇರಲಾರರು. ಲಾಂಚಿನ ಕಾಲವೇ ಚೆನ್ನಾಗಿತ್ತೆಂದು ದೂರದಲ್ಲಿ ನಿಂತು ಹಾಡುವ ರಸಿಕರ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಎತ್ತರದ ಕಂಬ, ಬಿಗಿದ ಉಕ್ಕಿನ ಹಗ್ಗಗಳ ಚಿತ್ರ ಈಗ ಸಾವಿರಗಟ್ಟಲೆ ಇರುವಾಗ, ಲಾಂಚಿಗಾಗಿ ಬಿಸಿಲಲ್ಲಿ ಕಾದ ಸರದಿಯ ಚಿತ್ರ ಎಷ್ಟಿವೆ? ಮುಂದೆ ಹುಟ್ಟುವ ಮಕ್ಕಳು ಸೇತುವೆಯನ್ನು ನೋಡಿ, ಇದು ಮೊದಲಿನಿಂದಲೂ ಇತ್ತೆಂದೇ ತಿಳಿದಾರು. ನಮ್ಮಜ್ಜ ದೋಣಿಯಲ್ಲಿ ದಾಟುತ್ತಿದ್ದ ಹಳೆಯ ಕಡವು ಈಗ ನೀರಿನ ಅಡಿಯಲ್ಲಿದೆ. ಅದರದೊಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ಬಡವರ ಮನೆಯಲ್ಲಿ ಆಗ ಕ್ಯಾಮರಾ ಇರಲಿಲ್ಲವೆಂಬ ಸಮಾಧಾನವಾದರೂ ಉಂಟು. ನಮಗೆ ಆ ಸಮಾಧಾನವೂ ಇಲ್ಲ.

ದೊಡ್ಡ ಸೇತುವೆಯ ಮಾತು ಹಾಗಿರಲಿ. ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ಮರದ ದಿಮ್ಮಿಯ, ಅಡಕೆಮರದ ಕಾಲುಸಂಕಗಳ ಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲೆಯೊಬ್ಬಳು ಸಂಕದಿಂದ ಜಾರಿ ಹಳ್ಳದ ಪಾಲಾದಳು. ಇಂಥ ಸಂಕಗಳಿಗೆ ಬದಲಾಗಿ ಕಿರುಸೇತುವೆ ಸಾಧ್ಯವೆಂಬುದನ್ನು ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿ ತೋರಿಸಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಪಡೆದರು. ದಾರಿ ಇದೆ. ಕೊರತೆಯಿರುವುದು ನೋಡುವ ಕಣ್ಣಿಗೆ.

ನಮ್ಮ ಕೇರಿಯ ಹಳ್ಳಕ್ಕೂ ಇಂಥದೇ ಒಂದು ಸಂಕ. ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಪರಿಶೀಲನೆಗೆ ಬಂದವರು ಬಂದದ್ದು ಮಾರ್ಚ್ ತಿಂಗಳಲ್ಲಿ. ಹಳ್ಳದಲ್ಲಿ ಕಲ್ಲು ಮಾತ್ರ. “ಎಲ್ರೀ ನಿಮ್ಮ ಹೊಳೆ?” ಎಂದು ನಕ್ಕರು. “ಆಷಾಢದಲ್ಲಿ ಬನ್ನಿ ಸ್ವಾಮೀ, ತೋರಿಸ್ತೇವೆ” ಎಂದ ಅಪ್ಪ. ಆಷಾಢದಲ್ಲಿ ಯಾರು ಬರುತ್ತಾರೆ? ಬಂದರೂ ಆಚೆ ದಡದಲ್ಲೇ ನಿಲ್ಲಬೇಕು! ಆ ಮಳೆಗಾಲದಲ್ಲಿ ನಾನು ದಡದ ಎತ್ತರದ ಬಂಡೆಯಿಂದ ವಾರಕ್ಕೊಂದರಂತೆ ಚಿತ್ರ ತೆಗೆದೆ. ಸಂಕದ ಪಕ್ಕದ ಮತ್ತಿಮರದ ಬುಡ ನೀರಿನ ಅಳತೆಗೋಲಾಯಿತು. ಎರಡನೆಯ ಅರ್ಜಿಗೆ ತಾರೀಖು ಬರೆದ ಹನ್ನೊಂದು ಚಿತ್ರ ಲಗತ್ತಿಸಿದೆವು. ಈಗ ಅಳತೆಯಾಗಿದೆ. ಸೇತುವೆ ಇನ್ನೂ ಆಗಿಲ್ಲ. ಆದರೆ ಹೊಳೆ ಎಲ್ಲಿದೆಯೆಂದು ಮತ್ತೆ ಯಾರೂ ಕೇಳಿಲ್ಲ. ಅರ್ಜಿಯ ಮಾತನ್ನು ಅಲ್ಲಗಳೆಯಬಹುದು. ಚಿತ್ರದ ನೀರನ್ನು ಅಲ್ಲಗಳೆಯುವುದು ಕಷ್ಟ.

ರೈಲುದಾರಿಯ ದಾಟುಗಳಿಗೂ ಇದೇ ನ್ಯಾಯ. ಅಗಲ ಹಳಿಯ ದಾರಿಗಳಲ್ಲಿ ಕಾವಲುಗಾರನಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ರೈಲ್ವೆ ತೆಗೆದುಹಾಕಿತು. ಅದು ದೊಡ್ಡ ಸಾಧನೆಯೇ ಸರಿ. ಆದರೆ ಗೇಟಿನ ಬದಲಿಗೆ ಬಂದ ಕೆಳಸೇತುವೆ ಮಳೆಗಾಲದಲ್ಲಿ ಕೆರೆಯಾದರೆ ದಾಟುವವನ ಕಷ್ಟ ಹೆಸರು ಬದಲಿಸಿತೇ ಹೊರತು ತೀರಲಿಲ್ಲ. ಅದನ್ನು ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ ಒಂದೇ ಜಾಗದಿಂದ ತೆಗೆದ ಎರಡು ಚಿತ್ರ ಹತ್ತು ಭಾಷಣಗಳಿಗೆ ಸಮ.

ಇಲ್ಲಿ ಕೆಲವು ನಿಯಮಗಳನ್ನು ಪಾಲಿಸಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಹಳಿಯ ಮೇಲಾಗಲಿ, ಸೇತುವೆಯ ಅಂಚಿನಲ್ಲಾಗಲಿ ನಿಲ್ಲಬಾರದು. ದಡದಿಂದಲೇ ಹೊಳೆಯೂ ಸೇತುವೆಯೂ ಒಟ್ಟಿಗೆ ಕಾಣುತ್ತವೆ. 1923ರ ಅಧಿಕೃತ ರಹಸ್ಯಗಳ ಕಾಯಿದೆಯಂತೆ ಸೇತುವೆ, ರೈಲುದಾರಿಗಳನ್ನೂ ಸರ್ಕಾರ ನಿಷಿದ್ಧ ಸ್ಥಳವೆಂದು ಸಾರಬಹುದಾದ್ದರಿಂದ, ನಿಷೇಧದ ಫಲಕವಿದ್ದಲ್ಲಿ ತೆಗೆಯಬಾರದು. ಕಡವಿನಲ್ಲಿ ಬಟ್ಟೆ ಒಗೆಯುವ, ಮೀಯುವ ಹೆಂಗಸರು ನಮ್ಮ ತಾಯಂದಿರೆಂದು ತಿಳಿದು ಕ್ಯಾಮರಾ ತಗ್ಗಿಸಬೇಕು. ದಾಟುವವರ ಚಿತ್ರವನ್ನು ಅವರನ್ನು ಕೇಳಿಯೇ ತೆಗೆಯಬೇಕು. ಪ್ರತಿ ಚಿತ್ರಕ್ಕೂ ಸ್ಥಳ, ತಾರೀಖು, ಹೊತ್ತು ಬರೆಯಬೇಕು. ತಾರೀಖಿಲ್ಲದ ಚಿತ್ರ ಸಹಿಯಿಲ್ಲದ ಪತ್ರದಂತೆ.

ಮಾನ್ಯ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮ ಕಾಲೇಜಿಗೆ ಹತ್ತಾರು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಹೊಳೆಯನ್ನೋ ಹಳಿಯನ್ನೋ ಹೆದ್ದಾರಿಯನ್ನೋ ದಾಟದೆ ಬರುವವರು ವಿರಳ. ಪ್ರತಿಯೊಬ್ಬರೂ ತಮ್ಮ ದಾರಿಯ ಒಂದು ದಾಟಿನ ಚಿತ್ರವನ್ನು ಬೇಸಿಗೆಯಲ್ಲೊಂದು, ಮಳೆಗಾಲದಲ್ಲೊಂದು ತೆಗೆದು, ಕೆಳಗೆ ಹತ್ತು ಸಾಲು ಬರೆದು ಗ್ರಂಥಾಲಯಕ್ಕೆ ಕೊಡಲಿ. ಇತಿಹಾಸ ವಿಭಾಗದವರು ಅದನ್ನು ಕ್ರಮವಾಗಿ ಜೋಡಿಸಿ ಕಾಪಾಡಲಿ. ಹಣದ ಖರ್ಚು ಅತ್ಯಲ್ಪ. ಐದು ವರ್ಷಗಳಲ್ಲಿ ಈ ಸೀಮೆಯ ಯಾವ ಕಚೇರಿಯಲ್ಲೂ ಇಲ್ಲದ ದಾಖಲೆಯೊಂದು ನಮ್ಮ ಕಪಾಟಿನಲ್ಲಿರುತ್ತದೆ. ರಾಜರ ಯುದ್ಧಗಳ ತಾರೀಖು ಬಾಯಿಪಾಠ ಮಾಡಿದ ನಾವು, ನಮ್ಮೂರಿನ ಜನ ಎಂದು, ಎಲ್ಲಿ, ಹೇಗೆ ದಾಟಿದರೆಂಬುದನ್ನೂ ಇತಿಹಾಸವೆಂದು ಓದುವ ಕಾಲ ಬರಬೇಕು.

ಕೆಲವೇ ದಿನಗಳಲ್ಲಿ ನಾವು ಅಂತಿಮ ವರ್ಷದವರು ಈ ದಡ ಬಿಟ್ಟು ಹೊರಡುತ್ತೇವೆ. ಪದವಿಯೂ ಒಂದು ದಾಟೇ. ನಮ್ಮನ್ನು ದಾಟಿಸಿದವರು ಅನೇಕರು. ಅವರಲ್ಲಿ ಬಹುಮಂದಿ ಇನ್ನೂ ಆಚೆ ದಡದಲ್ಲೇ ಇದ್ದಾರೆ. ಅವರು ಇಂದು ಸಂಜೆ ಯಾವ ಸಂಕದ ಮೇಲೆ ಕಾಲಿಡುತ್ತಾರೆಂಬುದನ್ನು ಒಮ್ಮೆ ತಿರುಗಿ ನೋಡಿ ದಾಖಲಿಸುವಷ್ಟು ವಿದ್ಯೆಯಾದರೂ ನಮಗೆ ಈ ಮೂರು ವರ್ಷಗಳಲ್ಲಿ ಬಂದಿರಬೇಕೆಂದು ನಾನು ನಂಬಿದ್ದೇನೆ.