ಕೆಟ್ಟಿರುವುದು ಫೈಲು, ಕನ್ನಡವಲ್ಲ

ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಮಾದರಿ ಪ್ರಶ್ನೆಪತ್ರಿಕೆಗಳು ವಾಟ್ಸಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಬರುತ್ತವೆ. ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡ್ ಹಣದ ಗುರುತು, ತಲೆಯ ಮೇಲೆ ಗೀಟು ಹೊತ್ತ 'ಎ'ಗಳು ಸಾಲುಗಟ್ಟಿ ನಿಂತಿರುತ್ತವೆ. ಮುಚ್ಚಿ ತೆರೆದರೂ ಅಷ್ಟೇ, ಕಂಪ್ಯೂಟರ್ ಆರಿಸಿ ಹಚ್ಚಿದರೂ ಅಷ್ಟೇ. ಕೊನೆಗೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಬಿಡುತ್ತಾರೆ: “ಕಂಪ್ಯೂಟರಿಗೆ ಕನ್ನಡ ಆಗಿಬರುವುದಿಲ್ಲ.”

ಬೆಂಗಳೂರಿನ ಮನೆಯಲ್ಲಿ ಇದು ಬರೀ ಗೊಣಗಾಟ. ಆದರೆ ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆ, ಮಡಕಶಿರಾ ಕಡೆಯ ಮನೆಗಳಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಮುಂದಿನ ಜೂನ್‌ನಲ್ಲಿ ಕಿರಿಯ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕು ಎಂಬ ಚರ್ಚೆಯಲ್ಲಿ ಅದೇ ಮಾತು ಸಾಕ್ಷಿ ಹೇಳಲು ಎದ್ದು ನಿಲ್ಲುತ್ತದೆ. ಆದ್ದರಿಂದ ಹೆತ್ತವರಲ್ಲಿ ನನ್ನ ಬಿನ್ನಹ: ಆ ಸಾಕ್ಷಿಯನ್ನು ನಂಬುವ ಮೊದಲು ಒಮ್ಮೆ ಪರೀಕ್ಷಿಸಿ. ದೋಷ ಭಾಷೆಯದಲ್ಲ, ಮಗುವಿನದಲ್ಲ, ಹೆಚ್ಚಿನ ಸಲ ಕಂಪ್ಯೂಟರಿನದೂ ಅಲ್ಲ. ಫೈಲು ತಯಾರಾದ ರೀತಿಯಲ್ಲಿ ದೋಷವಿದೆ. ಅದನ್ನು ಹೈಸ್ಕೂಲಿನ ಮಗುವೇ ಪತ್ತೆ ಹಚ್ಚಬಲ್ಲದು.

ಆಗುವುದೇನೆಂದು ನೋಡೋಣ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಕನ್ನಡದ ಸ್ವಂತ ಸಂಖ್ಯೆಗಳು ಸಾಮಾನ್ಯ ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದಿರಲಿಲ್ಲ. ಆಗ ನುಡಿ, ಬರಹದಂತಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಕಡ ತಂದು, ಆ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಕನ್ನಡ ಬೆಳೆದದ್ದು ಅದರಿಂದಲೇ. ಆದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚಿ ಒಳಗಿನ ಇಂಗ್ಲಿಷ್ ಗುರುತುಗಳು ಹೊರಬರುತ್ತವೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ' ಎಂಬ ಪದ ಹೀಗೆ ಏಳು ಗುರುತುಗಳಾಗಿ ಕಾಣುತ್ತದೆ. ಅದರಲ್ಲಿ ಮೂರು ಆ ಗೀಟಿನ 'ಎ', ಒಂದು ಪೌಂಡಿನ ಗುರುತು.

ಯುನಿಕೋಡ್ ಈ ತೊಂದರೆಯನ್ನು ಬಗೆಹರಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ 128 ಸ್ಥಾನಗಳು ಸಿಕ್ಕಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟು ಬಂತು. ಇಂದಿನ ವಿಂಡೋಸ್, ಲಿನಕ್ಸ್, ಮೊಬೈಲು ಎಲ್ಲವೂ ಯುನಿಕೋಡ್ ಕನ್ನಡವನ್ನು ತೋರಿಸುತ್ತವೆ. ನಿಮ್ಮ ವಾಟ್ಸಾಪಿನಲ್ಲಿ ಅಜ್ಜಿಗೆ ಕಳಿಸುವ ಕನ್ನಡವೂ ಯುನಿಕೋಡೇ. ಕಂಪ್ಯೂಟರಿಗೆ ಕನ್ನಡ ಆಗಿಬರುವುದಿಲ್ಲ ಎಂಬ ಮಾತು ಸುಳ್ಳೆಂಬುದಕ್ಕೆ ಬೇರೆ ಪುರಾವೆ ಬೇಕೇ?

ಈಗ ಮನೆಯ ಕೆಲಸಕ್ಕೆ ಬನ್ನಿ. ವೈದ್ಯರು ಲಕ್ಷಣ ನೋಡಿ ರೋಗ ಹೇಳುವಂತೆ ಇಲ್ಲಿಯೂ ಲಕ್ಷಣ ನೋಡಬೇಕು.

ಇಂಗ್ಲಿಷ್ ಗುರುತುಗಳು ಕಂಡರೆ ಅದು ಹಳೆಯ ಫಾಂಟಿನ ಫೈಲು. ಓದಿದರೆ ಸಾಕು ಎನ್ನುವುದಾದರೆ ಕಳಿಸಿದವರಿಂದ ಪಿಡಿಎಫ್ ಕೇಳಿ. ಪಿಡಿಎಫ್ ಮಾಡುವಾಗ ಸಾಮಾನ್ಯವಾಗಿ ಫಾಂಟು ಒಳಗೇ ಸೇರಿ ಬರುತ್ತದೆ. ತಿದ್ದಬೇಕಾದರೆ ಯುನಿಕೋಡ್‌ಗೆ ಪರಿವರ್ತಿಸಿ. ನುಡಿ ಮತ್ತು ಬರಹ ಎರಡರಲ್ಲೂ ಆ ಸೌಲಭ್ಯವಿದೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದ, ಗಣಿತದ ಸೂತ್ರ, ವಿಜ್ಞಾನದ ಸಂಕೇತಗಳು ಅರ್ಥವಿಲ್ಲದ ಕನ್ನಡವಾಗಿ ಬಿಡುವುದುಂಟು.

ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಫೈಲು ಸರಿಯಾಗಿದೆ, ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇಲ್ಲ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಹಣ ಕೊಡದೆ ಸಿಗುವ ಯುನಿಕೋಡ್ ಫಾಂಟುಗಳು. ಫಾಂಟಿನ ಫೈಲಿನ ಹೆಸರು ಸಾಮಾನ್ಯವಾಗಿ ಟಿಟಿಎಫ್ ಎಂದು ಮುಗಿಯುತ್ತದೆ. ಗೊತ್ತಿಲ್ಲದ ಜಾಲತಾಣ 'ಫಾಂಟು' ಎಂದು ಇಎಕ್ಸ್‌ಇ ಫೈಲು ಕೊಟ್ಟರೆ ಅದನ್ನು ಒತ್ತಬೇಡಿ.

ಅಕ್ಷರ ಕಂಡರೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದರೆ, ಆ ಪ್ರೋಗ್ರಾಮಿಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಅದೇ ಫೈಲನ್ನು ಲಿಬ್ರೆಆಫೀಸ್‌ನಂತಹ ಹೊಸ ಪ್ರೋಗ್ರಾಮಿನಲ್ಲಿ ತೆರೆದು ನೋಡಿ.

ಈ ಪತ್ತೆದಾರಿಕೆಯನ್ನು ಮಗುವಿಗೇ ಬಿಡಿ ಎನ್ನುವುದು ನನ್ನ ಎರಡನೆಯ ಮಾತು. ಪಕ್ಕದಲ್ಲಿ ನೀವು ಕೂತಿದ್ದರೆ ಸಾಕು. ನಿಯಮ ಮೂರೇ. ಪರದೆಯ ಮೇಲೆ ಬಂದ ದೋಷಸಂದೇಶವನ್ನು ಮುಚ್ಚುವ ಮೊದಲು ಪೂರ್ತಿ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲಿ; ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಅದೇ ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಲಿ. ಅಲ್ಲಿಯೂ ಕೆಟ್ಟಿದ್ದರೆ ಹುಳುಕು ಫೈಲಿನಲ್ಲಿರುವ ಸಂಭವವೇ ಹೆಚ್ಚು. ಇದು ವಿಜ್ಞಾನ ಪಾಠದ ಪ್ರಯೋಗಕ್ರಮವೇ. ಕನ್ನಡದಲ್ಲಿ ಪ್ರಯೋಗ ಕಲಿತ ಮಗು ಕನ್ನಡದಲ್ಲೇ ಯೋಚಿಸಿ ಯಂತ್ರವನ್ನು ರಿಪೇರಿ ಮಾಡಿದರೆ, ಮಾಧ್ಯಮದ ಬಗ್ಗೆ ಇಡೀ ಮನೆಗೆ ಧೈರ್ಯ ಬರುತ್ತದೆ. ಇದನ್ನು ಮಾಡದೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದರೆ ಹಣವೂ ಹೋಗುತ್ತದೆ, ಮಗುವಿನ ಹಳೆಯ ಫೈಲುಗಳೂ ಹೋಗಬಹುದು. ದೋಷ ಮಾತ್ರ ಮುಂದಿನ ಪ್ರಶ್ನೆಪತ್ರಿಕೆಯೊಂದಿಗೆ ತಿರುಗಿ ಬರುತ್ತದೆ.

ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ಅನುಕೂಲವೂ ಇದೆ. ಭಾರತೀಯ ಲಿಪಿಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ಮಲಯಾಳ, ತೆಲುಗು, ತಮಿಳು, ಮರಾಠಿಯ 'ಕ' ಕೂಡ ಇದೆ. ಎರಡು ಲಿಪಿ ಓದುವ ನಮ್ಮ ಮಕ್ಕಳು ಒಂದೇ ವಿನ್ಯಾಸ ಕಲಿತು ಎರಡರಲ್ಲೂ ಬರೆಯಬಲ್ಲರು. ವಿಂಡೋಸಿನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು.

ಆದರೆ ಎಲ್ಲ ಭಾರವನ್ನೂ ಮನೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಫೈಲು ಕಳಿಸುವವರು ಬದಲಾಗಬೇಕು. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಇರುವುದು ಲಿನಕ್ಸ್. ವಿಂಡೋಸ್‌ಗಾಗಿ ಮಾಡಿದ ನುಡಿಯಲ್ಲಿ ಕರ್ನಾಟಕದ ಶಿಕ್ಷಕರೊಬ್ಬರು ಶ್ರಮಪಟ್ಟು ಬರೆದ ಟಿಪ್ಪಣಿ, ಕಾಸರಗೋಡಿನ ಮಗುವಿನ ಮುಂದೆ ಗುರುತುಗಳ ರಾಶಿಯಾಗಿ ಬೀಳುತ್ತದೆ. ಶ್ರಮ ವ್ಯರ್ಥ, ಮಗುವಿಗೆ ನಿರಾಶೆ.

“ನುಡಿಗೆ ಕೈ ಪಳಗಿದೆ, ಈಗ ಬದಲಿಸುವುದು ಕಷ್ಟ” ಎನ್ನುವ ಶಿಕ್ಷಕರಿದ್ದಾರೆ. ಅವರ ಕೈ ಬದಲಾಗಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆಯಲ್ಲಿ ಯುನಿಕೋಡ್ ಬರೆಯಲು ನುಡಿಯ ಹೊಸ ಆವೃತ್ತಿಗಳಲ್ಲಿ ಅವಕಾಶವಿದೆ. ಡಿಟಿಪಿ ಅಂಗಡಿಯವರ ಅಡಚಣೆ ಬೇರೆ: ಅವರ ಹಳೆಯ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಒಗ್ಗುವುದಿಲ್ಲ. ಅಚ್ಚಿಗೆ ಅವರು ಅದನ್ನೇ ಬಳಸಲಿ, ಶಾಲೆಗೆ ಕೊಡುವಾಗ ಪಿಡಿಎಫ್ ಕೊಡಲಿ.

ಮುಂದಿನ ಪಿಟಿಎ ಸಭೆಯಲ್ಲಿ, ಶಾಲಾ ವ್ಯವಸ್ಥಾಪನಾ ಸಮಿತಿಯಲ್ಲಿ ನೀವು ಕೇಳಬೇಕಾದದ್ದು ಒಂದೇ: ಮಕ್ಕಳಿಗೆ ಕಳಿಸುವ ಪ್ರತಿಯೊಂದು ಕನ್ನಡ ಫೈಲು ಯುನಿಕೋಡಿನಲ್ಲಿರಲಿ, ಆಗದಿದ್ದರೆ ಪಿಡಿಎಫ್ ಆಗಿರಲಿ. ಇದಕ್ಕೆ ಅನುದಾನ ಬೇಡ, ಸರಕಾರದ ಆದೇಶಕ್ಕೆ ಕಾಯಬೇಕಿಲ್ಲ. ಬಾಯಿಮಾತಿನಲ್ಲಿ ಕೇಳಿ; ಆಗದಿದ್ದರೆ ಲಿಖಿತವಾಗಿ ಕೇಳಿ, ನಡಾವಳಿಯಲ್ಲಿ ಬರೆಸಿ. ಯಾವ ಮಾಧ್ಯಮ ಎಂಬ ನಿರ್ಧಾರ ನಿಮ್ಮದೇ. ಅದಕ್ಕೆ ಕೆಟ್ಟ ಫೈಲೊಂದು ಕಾರಣವಾಗದಿರಲಿ.